ಇನ್ನೊಬ್ಬರ ಕೈಯ ತುಕ್ಕು

ಏಳನೇ ಕಂತು

ಆಯಸ್ಕಾಂತದ ತುದಿಗೆ ನಾಲ್ಕು ಕಂದು ಕಣಗಳು ಅಂಟಿಕೊಂಡವು.

ಇನ್ಸ್‌ಪೆಕ್ಟರಮ್ಮ ಉಸಿರು ಬಿಗಿಹಿಡಿದು ಅವನ್ನು ಬಿಳಿ ಕಾಗದದ ಮೇಲೆ ಒರೆಸಿದರು. ಆಯಸ್ಕಾಂತವನ್ನು ಮತ್ತೆ ಪುಟ್ಟ ಗಾಡಿಯ ಹೊಗೆಕೊಳವೆಯ ಮೇಲೆ ಆಡಿಸಿದರು. ಇನ್ನೂ ಮೂರು ಬಂದವು.

"ಏನಕ್ಕಾ ಮಾಡ್ತಿದೀಯ? ಕೆರೆದು ಹಾಳು ಮಾಡ್ಬೇಡ," ಎಂದ ತಮ್ಮ.

"ನಿಂದಲ್ಲ ಅಂದ್ಯಲ್ಲೋ ಮರಿ? ಮತ್ತೆ ನಿಂಗ್ಯಾಕೆ ಹೊಟ್ಟೆ ಉರಿ?"

"ನಂದಲ್ಲ. ಆದ್ರೂ ಯಾರೋ ಕಷ್ಟಪಟ್ಟು ಮಾಡಿದ್ದು ತಾನೇ?"

ಮರಿಗೆ ಅರವತ್ತೊಂದು ವರ್ಷ. ಸೇನೆಯ ವರ್ಕ್‌ಶಾಪಿನಲ್ಲಿ ಇಪ್ಪತ್ತಾರು ವರ್ಷ ಮೆಕ್ಯಾನಿಕ್ ಆಗಿದ್ದು, ನಿವೃತ್ತನಾದ ಮೇಲೆ ಆಗ ಬಿಚ್ಚಿ ಜೋಡಿಸುತ್ತಿದ್ದ ಗಾಡಿಗಳನ್ನೇ ಮೂವತ್ತೈದರಲ್ಲಿ ಒಂದು ಪಾಲು ಮಾಡಿ ಪ್ಲಾಸ್ಟಿಕ್ಕಿನಲ್ಲಿ ಕಟ್ಟುತ್ತ ಕೂತವನು. ಅಕ್ಕನಿಗೆ ಅರವತ್ತಾರು. ಊರೆಲ್ಲ ಇನ್ಸ್‌ಪೆಕ್ಟರಮ್ಮ ಅನ್ನುತ್ತಿದ್ದರೂ ಅವರು ಪೊಲೀಸಿನವರಲ್ಲ. ಸಾರಿಗೆ ಕಚೇರಿಯಲ್ಲಿ ಮೂವತ್ತೆರಡು ವರ್ಷ ಅಪಘಾತವಾದ ವಾಹನಗಳ ಕೆಳಗೆ ಮಲಗಿ, ತಪ್ಪು ಬ್ರೇಕಿನದೋ ಕುಡಿದವನದೋ ಎಂದು ಬರೆದುಕೊಟ್ಟವರು. ಕೆಸರು, ತುಕ್ಕು, ಗೀರು ಈ ಮೂರನ್ನು ಅವರು ಬೇರೆಯವರು ದಿನಪತ್ರಿಕೆ ಓದುವಂತೆ ಓದುತ್ತಿದ್ದರು.

ಈಗ ಓದಬೇಕಾಗಿದ್ದ ವಾಹನ ಒಂದು ಗೇಣುದ್ದ ಇತ್ತು. ಕೆಟ್ಟುನಿಂತ ಟ್ಯಾಂಕುಗಳನ್ನು ಎಳೆದುತರುವ ರಿಕವರಿ ಗಾಡಿ. ಮೇಲೊಂದು ಕ್ರೇನು, ಪಕ್ಕದಲ್ಲಿ ಚಕ್ರಗಳನ್ನು ಸುತ್ತಿದ ಚೈನು, ಚೈನಿನ ಸಂದಿಯಲ್ಲಿ ಒಣಗಿದ ಕೆಸರು, ಚಾಲಕ ಕಾಲಿಟ್ಟು ಹತ್ತುವ ಕಡೆ ಸವೆದ ಬಣ್ಣ. ಹದಿನಾಲ್ಕು ತಿಂಗಳ ಕೆಲಸ. ನಿನ್ನೆ ಮಾಡೆಲ್ ಸಂಘದ ಪ್ರದರ್ಶನದಲ್ಲಿ ಜನ ಅದನ್ನು ಮುತ್ತಿಕೊಂಡು ಹೊಗಳುತ್ತಿದ್ದಾಗಲೇ ತಮ್ಮ "ಇದು ನಂದಲ್ಲ! ಯಾರೋ ಬದಲಾಯಿಸಿದಾರೆ!" ಎಂದು ಕೂಗಿ ಸಭಾಂಗಣವನ್ನೇ ಸ್ತಬ್ಧಗೊಳಿಸಿದ್ದ.

ಕೂಗಿದ್ದಷ್ಟೇ ಆಗಿದ್ದರೆ ಸರಿಹೋಗುತ್ತಿತ್ತು. ಸಾಕ್ಷಿಯನ್ನೂ ಅವನೇ ಕೊಟ್ಟ. "ಎಡಗಡೆ ಐದನೇ ಚಕ್ರ ನೋಡಿ. ನನ್ನ ಗಾಡೀಲಿ ಅಲ್ಲೊಂದು ನಟ್ಟು ಇಲ್ಲ. ಬೇಕೂಂತಲೇ ಬಿಟ್ಟಿದೀನಿ. ಇದರಲ್ಲಿ ಇದ್ದೇ ಇರುತ್ತೆ!"

ಭೂತಗನ್ನಡಿ ಹಿಡಿದು ಎಲ್ಲರೂ ಬಗ್ಗಿದರು. ಐದನೇ ಚಕ್ರದಲ್ಲಿ ನಟ್ಟು ಇರಲಿಲ್ಲ.

ಆಮೇಲೆ ಯಾರೂ ಜೋರಾಗಿ ಮಾತಾಡಲಿಲ್ಲ. ಜನ ಬೈದರೆ ತಡೆದುಕೊಳ್ಳಬಹುದು, ಭುಜ ತಟ್ಟಿ ನೀರು ತಂದುಕೊಟ್ಟರೆ ಬಲು ಕಷ್ಟ. ತಮ್ಮನ ಮಗಳು ಆಸ್ಪತ್ರೆಯಲ್ಲಿ ನರ್ಸು, ನೆತ್ತಿಯ ಮೇಲೆ ಸಿಡಿಲು ಬಿದ್ದರೂ ದನಿ ಏರಿಸುವವಳಲ್ಲ. ಅವಳೂ ಅಂದು ಅಪ್ಪನ ಎದುರೇ ಹೇಳಿಬಿಟ್ಟಳು. ಅಪ್ಪ ಬಣ್ಣಕ್ಕೆ ಬೆರೆಸುವ ಥಿನ್ನರ್ ಬಾಟಲಿಯ ಮುಚ್ಚಳ ತೆಗೆದಿಟ್ಟು ಪಕ್ಕದಲ್ಲೇ ಬೆಂಕಿಕಡ್ಡಿ ಗೀರಿದ್ದಾಯಿತು, ಬ್ಲೇಡು ದಿಂಬಿನ ಕೆಳಗೆ ಸಿಕ್ಕಿದ್ದಾಯಿತು. ಈಗ ತಾನೇ ಮಾಡಿದ್ದು ತನ್ನದಲ್ಲ ಅನ್ನುತ್ತಿದ್ದಾನೆ. ಇನ್ನು ಕೆಲಸದ ಕೋಣೆಗೆ ಬೀಗ.

"ಅಕ್ಕ ಪರೀಕ್ಷೆ ಮಾಡ್ಲಿ. ನಾಳೆ ನಾಲ್ಕು ಗಂಟೆಗೆ ಅವಳೇನು ಹೇಳ್ತಾಳೋ ಅದು. ನಂದೇ ಅಂದ್ರೆ ಬೀಗದ ಕೈ ನಾನೇ ಕೊಡ್ತೀನಿ," ಎಂದಿದ್ದ ತಮ್ಮ.

ಇಂದು ಆ ನಾಳೆ. ಗಂಟೆ ಹನ್ನೊಂದೂವರೆ.

ಮೂರು ದಾರಿಯಿತ್ತು. ಒಂದು, ಗಾಡಿ ನಿಜವಾಗಿಯೂ ಬದಲಾಗಿದೆ. ಎರಡು, ಕಣ್ಣು. ಎರಡು ತಿಂಗಳ ಹಿಂದಷ್ಟೇ ಅವನ ಎರಡೂ ಕಣ್ಣಿನ ಪೊರೆ ತೆಗೆದಿದ್ದರು. ಪೊರೆ ಹೋದ ಮೇಲೆ ಹಳದಿ ಕಂಡದ್ದು ಬಿಳಿ ಕಾಣುತ್ತದೆ, ತಾನು ಹಚ್ಚಿದ ಬಣ್ಣವೇ ತನಗೆ ಅಪರಿಚಿತವಾಗಬಹುದು. ಮೂರನೆಯದನ್ನು ಇನ್ಸ್‌ಪೆಕ್ಟರಮ್ಮ ಮನಸ್ಸಿನಲ್ಲೂ ಪೂರ್ತಿಯಾಗಿ ಹೇಳಿಕೊಂಡಿರಲಿಲ್ಲ. ಮೂರು ವರ್ಷದ ಮಗುವಾಗಿದ್ದಾಗ ತನ್ನ ಬೆರಳು ಹಿಡಿದು ಗ್ಯಾರೇಜಿನ ಮುಂದೆ ಗಂಟೆಗಟ್ಟಲೆ ನಿಲ್ಲಿಸಿಕೊಳ್ಳುತ್ತಿದ್ದ ಈ ತಮ್ಮನ ತಲೆ ಮಬ್ಬಾಗುತ್ತಿದೆ ಎಂದು ತನ್ನ ಕೈಯಾರೆ ಬರೆದುಕೊಡುವುದು ಅವರಿಂದ ಆಗದ ಮಾತು.

ಆದರೆ ಈಗ ಕಾಗದದ ಮೇಲೆ ಏಳು ಕಣಗಳಿದ್ದವು.

"ಲೋ ಮರಿ, ನೀನು ತುಕ್ಕು ಹೇಗೆ ಮಾಡ್ತೀಯ?"

"ಸೀಮೆಸುಣ್ಣ ಅರೆದು ಬಣ್ಣ ಕಲಸಿ. ಎಷ್ಟು ಸಲ ಹೇಳ್ಬೇಕು ನಿಂಗೆ?"

"ನಿಜವಾದ ತುಕ್ಕು?"

"ಥೂ! ನಿಜವಾದ ತುಕ್ಕಿನ ಕಣ ಈ ಅಳತೆಗೆ ಇಟ್ಟಿಗೆ ಚೂರಿನ ಹಾಗೆ ಕಾಣುತ್ತೆ. ಅದೇನಿದ್ರೂ ಆ ಮೇಷ್ಟ್ರ ಹುಚ್ಚು."

ಸೀಮೆಸುಣ್ಣ ಆಯಸ್ಕಾಂತಕ್ಕೆ ಅಂಟುವುದಿಲ್ಲ. ಇನ್ಸ್‌ಪೆಕ್ಟರಮ್ಮ ಕಾಗದವನ್ನು ಮಡಚಿ ಪರ್ಸಿಗೆ ಹಾಕಿಕೊಂಡರು. ಎದೆಯ ಮೇಲಿನ ಕಲ್ಲು ಇಳಿದಂತಾಗಿ ತಮ್ಮನ ಬೋಳುತಲೆಗೆ ಒಂದು ಮೊಟಕಿದರು.

"ಇಲ್ಲೇ ಮಗಳ ಮನೇಲಿ ಕೂತಿರು. ನಾಲ್ಕಕ್ಕೆ ಮನೆಗೆ ಬಾ. ಗಾಡಿ ನಾನು ತಗೊಂಡು ಹೋಗ್ತೀನಿ."

"ಕ್ರೇನು ಹಿಡಿದು ಎತ್ಬೇಡ. ಕೆಳಗಿಂದ ಹಿಡಿ. ಹಾಂ, ಹಾಗೆ," ಎಂದ ತಮ್ಮ, ತನ್ನದಲ್ಲದ ಗಾಡಿಯ ಬಗ್ಗೆ.

*

ತುಕ್ಕು ಮೇಷ್ಟ್ರು ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಹೇಳಿಕೊಟ್ಟವರು. ಅವರ ಹಿಂದಿನ ವರಾಂಡದ ತುಂಬ ಗಾಜಿನ ಸೀಸೆಗಳು. ಒಂದೊಂದಕ್ಕೂ ಚೀಟಿ: 'ಮೊಳೆ, ಉಪ್ಪುನೀರು, ಆರು ವಾರ'. 'ಪಾತ್ರೆ ತಿಕ್ಕುವ ಉಕ್ಕಿನ ನಾರು, ವಿನಿಗರ್, ಮೂರು ತಿಂಗಳು'. ಬೇರೆಯವರ ಮನೆಯಲ್ಲಿ ಉಪ್ಪಿನಕಾಯಿ ಇರುವ ಜಾಗದಲ್ಲಿ ಇವರ ಮನೆಯಲ್ಲಿ ತುಕ್ಕು ಕಳಿಯುತ್ತಿತ್ತು. ಹೆಂಡತಿ ಬೇಸತ್ತು ಒಳಬಾಗಿಲಿಗೆ ಪರದೆ ಹಾಕಿಸಿದ್ದರು.

ಇನ್ಸ್‌ಪೆಕ್ಟರಮ್ಮ ರಟ್ಟಿನ ಡಬ್ಬಿಯಿಂದ ಗಾಡಿಯನ್ನು ತೆಗೆದು ಮೇಜಿನ ಮೇಲಿಟ್ಟರು.

"ಮೇಷ್ಟ್ರೇ, ಈ ಹೊಗೆಕೊಳವೆ ನೋಡಿ ಹೇಳಿ. ಯಾರ ಕೈಯ ಕೆಲಸ?"

"ನಿಮ್ಮ ತಮ್ಮಂದೇ. ಇನ್ಯಾರದ್ದು? ಪಾಪ, ಕಣ್ಣು ಹೊಸದಾಗಿದೆ, ಬಣ್ಣ ಬೇರೆ ಥರ ಕಾಣ್ತಿರಬೇಕು."

"ನೋಡದೇ ಹೇಳ್ತಿದೀರಲ್ಲ!"

ಮೇಷ್ಟ್ರು ನಿಜಕ್ಕೂ ಗಾಡಿಯನ್ನು ನೋಡಿರಲಿಲ್ಲ. ಇನ್ಸ್‌ಪೆಕ್ಟರಮ್ಮನ ಮುಖವನ್ನೇ ನೋಡುತ್ತಿದ್ದರು.

"ಮೂವತ್ತೆರಡು ವರ್ಷದಲ್ಲಿ ಒಂದು ಕಲಿತಿದೀನಿ ಮೇಷ್ಟ್ರೇ. ಗಾಡಿ ಪರೀಕ್ಷೆ ಮಾಡುವಾಗ ತಪ್ಪಿಲ್ಲದ ಚಾಲಕ ತನ್ನ ಗಾಡೀನ ನೋಡ್ತಾ ಅಳ್ತಾನೆ. ತಪ್ಪು ಮಾಡಿದವನು ಗಾಡಿ ಕಡೆ ತಿರುಗೋದೇ ಇಲ್ಲ, ನನ್ನ ಮುಖ ನೋಡ್ತಾನೆ. ನಾನೇನು ಕಂಡುಹಿಡಿದೆ ಅಂತ."

"ನಾನೇನು ಚಾಲಕನೇ?"

"ದಾರೀಲಿ ತುಕ್ಕು ಹಿಡಿದ ಗೇಟು ಕಂಡ್ರೆ ಬಸ್ಸು ಇಳಿದು ನೋಡೋ ಮನುಷ್ಯ ನೀವು. ಮೇಜಿನ ಮೇಲೆ ಇಂಥ ತುಕ್ಕಿದೆ, ಕಣ್ಣು ಹಾಯಿಸ್ಲಿಲ್ಲ."

ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು. ಇನ್ಸ್‌ಪೆಕ್ಟರಮ್ಮ ಕಾಗದ ಬಿಚ್ಚಿ ಏಳು ಕಣಗಳನ್ನು ತೋರಿಸಿದರು. ಉಕ್ಕಿನ ನಾರಿನ ಸೀಸೆಯ ಪಕ್ಕಕ್ಕೆ ಅದನ್ನು ಸರಿಸಿದರು.

"ಇದು ಆಯಸ್ಕಾಂತಕ್ಕೆ ಅಂಟಿತು. ನನ್ನ ತಮ್ಮನ ತುಕ್ಕು ಅಂಟಲ್ಲ."

"ಊರಲ್ಲಿ ತುಕ್ಕಿಗೇನು ಬರವೇ?"

"ಇಲ್ಲ. ಅವನೂ ಅದನ್ನೇ ಹೇಳಿದ. ಯಾರೋ ಕೆಲಸ ಬಾರದವರು ಮಾಡಿದ್ದು, ಕಣ ನೋಡಿದ್ರೆ ಇಟ್ಟಿಗೆ ಚೂರು ಅಂಟಿಸಿದ ಹಾಗಿದೆ ಅಂತ."

"ಇಟ್ಟಿಗೆ ಚೂರಾ?" ಮೇಷ್ಟ್ರ ಕನ್ನಡಕ ಮೂಗಿಗೆ ಬಂತು. "ಎರಡು ಸಲ ರೇಷ್ಮೆ ಬಟ್ಟೇಲಿ ಸೋಸಿದೀನಿ! ಅವನ ಸೀಮೆಸುಣ್ಣ ಇದಕ್ಕಿಂತ ದಪ್ಪ ಇರುತ್ತೆ, ಹೇಳಿ ಅವನಿಗೆ!"

ಹೇಳಿದ ಮೇಲೆ ಮೇಷ್ಟ್ರು ಬಾಯಿ ಮುಚ್ಚಿಕೊಂಡರು. ಮುತ್ತು ಒಡೆದಾಗಿತ್ತು.

ಇನ್ಸ್‌ಪೆಕ್ಟರಮ್ಮನಿಗೆ ನಗು ಬಂತು, ಪಾಪ ಅನ್ನಿಸಿತು. ಹನ್ನೆರಡು ವರ್ಷದಿಂದ ಇಬ್ಬರೂ ಪ್ರತಿ ಭಾನುವಾರ ಸಂಘದಲ್ಲಿ ಇದೇ ಜಗಳ ಆಡುತ್ತಿದ್ದರು, ಆಡಿ ಒಂದೇ ಬೆಂಚಿನಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ಕಣ್ಣಿನ ಶಸ್ತ್ರಚಿಕಿತ್ಸೆಗೆ ತಮ್ಮ ಹೋದಾಗ ಹೊರಗಿನ ಕುರ್ಚಿಯಲ್ಲಿ ಬೆಳಗಿನಿಂದ ಕೂತಿದ್ದವರು ಈ ಮೇಷ್ಟ್ರೇ.

"ಕೆಸರು ಅವನ ಹಾಗೇ ಮಾಡಿದೀರಿ. ಸವೆದ ಬಣ್ಣ ಅವನ ಹಾಗೇ. ತುಕ್ಕು ಯಾಕೆ ಕೈಕೊಟ್ಟಿತು?"

ಮೇಷ್ಟ್ರು ಉಕ್ಕಿನ ನಾರಿನ ಸೀಸೆಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ಸೀಮೆಸುಣ್ಣದಲ್ಲೇ ಮಾಡ್ಬೇಕು ಅಂತ ಕೂತೆ. ನಾಲ್ಕು ಸಲ ಹಚ್ಚಿ ಒರೆಸಿದೆ. ಸುಳ್ಳು ತುಕ್ಕು ಹಚ್ಚೋದಕ್ಕೆ ಕೈ ಬರ್ಲಿಲ್ಲ. ಅವನಿಗೆ ಕಾಣಲ್ಲ ಅಂದ್ಕೊಂಡೆ. ಹಾಳು ಡಾಕ್ಟರು, ಕಣ್ಣನ್ನ ಅಷ್ಟು ಚೆನ್ನಾಗಿ ಮಾಡಿ ಕಳಿಸಿದಾರೆ."

"ಯಾಕೆ ಮಾಡಿದ್ರಿ? ಅವನದ್ದು ಎಲ್ಲಿದೆ?"

"ಅವನ ಒಳ್ಳೇದಕ್ಕೇ ಮಾಡಿದ್ದು. ಅದಕ್ಕಿಂತ ಜಾಸ್ತಿ ಕೇಳ್ಬೇಡಿ. ಮಾತು ಕೊಟ್ಟಿದೀನಿ."

"ಅವನಿಗೆ ಹುಚ್ಚು ಹಿಡಿದಿದೆ ಅಂತ ನಿನ್ನೆ ಇಡೀ ಸಭಾಂಗಣ ಅಂದ್ಕೊಂಡಿತು ಮೇಷ್ಟ್ರೇ. ನೀವು ಪಕ್ಕದಲ್ಲೇ ನಿಂತಿದ್ರಿ. ನೀರು ತಂದುಕೊಟ್ಟಿದ್ದು ನೀವೇ."

ಮೇಷ್ಟ್ರ ಕಣ್ಣು ತುಂಬಿತು. ಅವರು ತಲೆ ಅಲ್ಲಾಡಿಸಿದರೇ ಹೊರತು ಹೆಸರು ಹೇಳಲಿಲ್ಲ. ಇನ್ಸ್‌ಪೆಕ್ಟರಮ್ಮ ಕೋಪ ಮಾಡಿಕೊಳ್ಳಲು ಹೋಗಿ ಆಗದೆ, ಗಾಡಿಯನ್ನು ಮೆಲ್ಲಗೆ ತಿರುಗಿಸಿ ಎಡಗಡೆಯ ಚಕ್ರ ತೋರಿಸಿದರು.

"ಆಯ್ತು, ಹೆಸರು ಬೇಡ. ಇದೊಂದು ಹೇಳಿ. ಈ ನಟ್ಟು ಕಿತ್ತಿದ್ದು ನೀವಾ?"

"ನನಗೆ ನಟ್ಟಿನ ವಿಷಯ ಗೊತ್ತಾಗಿದ್ದೇ ನಿನ್ನೆ. ಗಾಡಿ ಜೋಡಿಸಿಕೊಂಡು ತಂದುಕೊಟ್ರು. ನಾನು ಬಣ್ಣ ಹಚ್ಚಿದೆ, ಅಷ್ಟೇ."

ಇನ್ಸ್‌ಪೆಕ್ಟರಮ್ಮ ಗಾಡಿಯನ್ನು ಡಬ್ಬಿಗೆ ಇಟ್ಟರು. ವರ್ಕ್‌ಶಾಪಿನಲ್ಲಿ ಅಸಲಿ ಗಾಡಿಯ ಐದನೇ ಚಕ್ರದಲ್ಲಿ ಯಾವ ನಟ್ಟು ಹಾಕಿದರೂ ಎರಡು ದಿನದಲ್ಲಿ ಉದುರುತ್ತಿತ್ತಂತೆ. ಕೊನೆಗೆ ತಮ್ಮ ಹಾಕುವುದನ್ನೇ ಬಿಟ್ಟು, ಸಾಹೇಬರಿಗೆ ಹಾಕಿದ್ದೇನೆ ಎಂದು ಮೂರು ವರ್ಷ ಸುಳ್ಳು ಹೇಳಿದ್ದ. ಕೆಲಸದಲ್ಲಿ ಅವನು ಹೇಳಿದ ಒಂದೇ ಸುಳ್ಳು ಅದು. ನಾಚಿಕೆಯಿಂದ ಅದನ್ನು ನಿನ್ನೆಯವರೆಗೂ ಇಬ್ಬರಿಗೆ ಮಾತ್ರ ಹೇಳಿದ್ದ.

ಒಬ್ಬರು ಅಕ್ಕ. ಇನ್ನೊಬ್ಬರು ಯಾರು ಎಂಬುದಕ್ಕೆ ಪತ್ತೇದಾರಿ ಬೇಕಿರಲಿಲ್ಲ.

*

ಮೂರೂವರೆಯ ಹೊತ್ತಿಗೆ ತಮ್ಮನ ಹೆಂಡತಿ ಮನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಅಂಗಿಗೆ ಗುಂಡಿ ಹಚ್ಚುತ್ತಿದ್ದಳು. ಊರಿನಲ್ಲಿ ಅವಳಷ್ಟು ಸಣ್ಣ ಹೊಲಿಗೆ ಹಾಕುವವರು ಬೇರೆ ಇರಲಿಲ್ಲ. ಮೂವತ್ತನಾಲ್ಕು ವರ್ಷದ ಸಂಸಾರದಲ್ಲಿ ಗಂಡನ ಬ್ರಶ್ಶು ತೊಳೆದವಳು, ಕೆಳಗೆ ಬಿದ್ದ ಸಾಸಿವೆಯಷ್ಟು ಚೂರುಗಳನ್ನು ಹುಡುಕಿಕೊಟ್ಟವಳು, ಆ ಚೂರು ಗಾಡಿಯ ಯಾವ ಮೂಲೆಗೆ ಸೇರಿದ್ದೆಂದು ಅವನಿಗಿಂತ ಮೊದಲು ಹೇಳುತ್ತಿದ್ದವಳು.

ಇನ್ಸ್‌ಪೆಕ್ಟರಮ್ಮ ಏನೂ ಹೇಳದೆ ಡಬ್ಬಿಯನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲಿಟ್ಟು ಗಾಡಿಯನ್ನು ಹೊರತೆಗೆದರು.

ಸೂಜಿ ನಿಂತಿತು.

"ಮೇಷ್ಟ್ರು ಹೇಳಿಬಿಟ್ರಾ ಅಕ್ಕಾ?"

"ಇಲ್ಲ. ನಟ್ಟು ಹೇಳಿತು. ಅಷ್ಟೊಂದು ಸರಿಯಾಗಿ ಮಾಡ್ಬಾರದಿತ್ತು ಕಣಮ್ಮಾ ನೀನು."

ತಮ್ಮನದೊಂದು ಪದ್ಧತಿಯಿತ್ತು. ಯಾವ ಕಿಟ್ ಕೊಂಡರೂ ಎರಡು ಕೊಳ್ಳುವುದು. ಒಂದು ಕಟ್ಟುವುದಕ್ಕೆ, ಇನ್ನೊಂದು ಬಿಡಿಭಾಗ ಕಳೆದುಹೋದರೆ ಕಿತ್ತುಕೊಳ್ಳುವುದಕ್ಕೆ. ಮಂಚದ ಕೆಳಗೆ ಆ ಎರಡನೆಯವು ಗೋಡೆ ಕಟ್ಟಿದಂತೆ ಪೇರಿಸಿದ್ದವು. ಅದರಲ್ಲೊಂದನ್ನು ಎಳೆದು, ಗಂಡನ ಹೊಸ ಕಣ್ಣಿಗೆ ಥಿನ್ನರಿನ ಆವಿ ಸೋಕಬಾರದೆಂದು ಡಾಕ್ಟರು ಕೆಲಸದ ಕೋಣೆ ಮುಚ್ಚಿಸಿದ್ದ ಎರಡು ತಿಂಗಳಲ್ಲಿ ಅವಳು ಜೋಡಿಸಿದ್ದಳು.

"ಅವನ ಗಾಡಿ ಏನು ಮಾಡಿದೆ? ಬೀಳಿಸಿದೆಯಾ? ಧೂಳು ಒರೆಸಿದೆಯಾ? ಅಷ್ಟಕ್ಕೆ ಹೀಗೆ ಹೆದರ್ತಾರಾ? ಬೈತಾನೆ, ಒಂದು ಹೊತ್ತು ಊಟ ಬಿಡ್ತಾನೆ, ಆಮೇಲೆ ತಾನೇ ಬಂದು ತಟ್ಟೆ ಇಟ್ಕೊಳ್ತಾನೆ!"

"ನಾನಲ್ಲ ಅಕ್ಕ."

"ಮತ್ತೆ?"

"ಅವರೇ." ಅವಳು ಬೆರಳಿಗೆ ಹಾಕಿಕೊಂಡಿದ್ದ ಲೋಹದ ಟೋಪಿಯನ್ನು ತೆಗೆದು ಮೇಜಿನ ಮೇಲಿಟ್ಟಳು. "ಆಪರೇಶನ್ನಿನ ಹಿಂದಿನ ದಿನ ಬೆಳಿಗ್ಗೆ. ಬಚ್ಚಲಲ್ಲಿ ನೀರಿನ ಸದ್ದು ಕೇಳ್ತು. ಹೋಗಿ ನೋಡಿದ್ರೆ ಸ್ಟೂಲ್ ಹಾಕ್ಕೊಂಡು ಕೂತಿದಾರೆ. ಬಕೆಟ್ಟಲ್ಲಿ ಸೋಪಿನ ನೀರು. ಗಾಡೀನ ಮುಳುಗಿಸಿ ಹಲ್ಲುಜ್ಜೋ ಬ್ರಶ್ಶಲ್ಲಿ ತಿಕ್ತಿದಾರೆ."

ಇನ್ಸ್‌ಪೆಕ್ಟರಮ್ಮ ಕುರ್ಚಿ ಎಳೆದುಕೊಂಡು ಕೂತರು.

"'ಏನ್ರೀ ಇದು' ಅಂದೆ. 'ಎಷ್ಟು ಗಲೀಜಾಗಿದೆ ನೋಡು, ನಾಳೆ ಪರೇಡು, ಸಾಹೇಬರು ಬರ್ತಾರೆ' ಅಂದ್ರು. ಅಷ್ಟು ಖುಷಿಯಾಗಿದ್ರು ಅಕ್ಕ. ಹದಿನಾಲ್ಕು ತಿಂಗಳ ಕೆಸರು, ಧೂಳು, ತುಕ್ಕು ಎಲ್ಲಾ ಬಕೆಟ್ಟಲ್ಲಿ. ಕ್ರೇನು ಮುರಿದಿದೆ, ಎಡಗಡೆ ಚೈನು ಎರಡು ತುಂಡು. ಅವರಿಗೆ ಅದು ಕಾಣ್ತಾನೇ ಇರ್ಲಿಲ್ಲ. ನನ್ನ ಕೈಗೆ ಕೊಟ್ಟು 'ಒಣಗೋಕಿಡು' ಅಂತ ಹೋಗಿ ಮಲಗಿದ್ರು."

"ಎದ್ದ ಮೇಲೆ?"

"ಎದ್ದು ಚಹಾ ಕುಡೀತಾ, 'ನನ್ನ ಗಾಡಿ ಮೇಲೆ ಬಟ್ಟೆ ಮುಚ್ಚಿಡು, ನಾನು ಆಸ್ಪತ್ರೆಯಿಂದ ಬರೋವರೆಗೂ ಕೈ ತಾಗಿಸ್ಬೇಡ' ಅಂದ್ರು."

ಹೊರಗೆ ಬೀದಿಯಲ್ಲಿ ಯಾರೋ ಸೈಕಲ್ ಬೆಲ್ ಬಾರಿಸುತ್ತ ಹೋದರು. ಬೆಳಗಿನಿಂದ ಓಡಾಡಿ ಸಂಪಾದಿಸಿದ ಸಾಕ್ಷಿ ಕೈಯಲ್ಲೇ ತಿರುಗಿ ನಿಂತಿತ್ತು. ಗಾಡಿ ಅವನದಲ್ಲ, ಅವನು ಹೇಳಿದ್ದು ನಿಜ. ಅದು ಯಾಕೆ ಅವನದಲ್ಲ ಎಂದು ಹೇಳಹೊರಟರೆ ಕೆಲಸದ ಕೋಣೆಗೆ ಬೀಗ ತಾನಾಗಿ ಬೀಳುತ್ತದೆ.

"ಗೊತ್ತಾದ್ರೆ ಅವರ ಜೀವ ಹೋಗುತ್ತೆ ಅಕ್ಕ. ಗಾಡಿಗಲ್ಲ, ತಾನೇ ಹೀಗೆ ಮಾಡಿದೆ ಅಂತ. ಇನ್ನೊಂದು ಕಟ್ಟಿಟ್ರೆ ಹಾವೂ ಸಾಯಲ್ಲ ಕೋಲೂ ಮುರಿಯಲ್ಲ ಅಂದ್ಕೊಂಡೆ. ಅಷ್ಟು ಜನರ ಮುಂದೆ ಅವರನ್ನ ನಾನೇ ಹುಚ್ಚನ ಹಾಗೆ ನಿಲ್ಲಿಸಿದೆ. ನಿನ್ನೆಯಿಂದ ಒಂದು ತುತ್ತು ಇಳಿದಿಲ್ಲ ನನಗೆ."

ಇನ್ಸ್‌ಪೆಕ್ಟರಮ್ಮ ಎದ್ದುಹೋಗಿ ಅವಳ ತಲೆಯನ್ನು ತನ್ನ ಹೊಟ್ಟೆಗೆ ಒರಗಿಸಿಕೊಂಡರು. ಮದುವೆಯಾಗಿ ಬಂದ ವರ್ಷ 'ಈ ಮನುಷ್ಯ ನನ್ನ ಹತ್ತಿರ ಮಾತಾಡೋಕಿಂತ ಸ್ಪ್ಯಾನರ್ ಹತ್ತಿರ ಜಾಸ್ತಿ ಮಾತಾಡ್ತಾರೆ' ಎಂದು ಅತ್ತಿದ್ದಾಗಲೂ ಹೀಗೇ ಒರಗಿಸಿಕೊಂಡಿದ್ದರು.

"ತೊಳೆದ ಗಾಡಿ ಎಲ್ಲಿ?"

"ಚೂರುಬಟ್ಟೆ ಬೀರುವಿನಲ್ಲಿ. ಎಸೆಯೋಕೆ ಮನಸ್ಸು ಬರ್ಲಿಲ್ಲ."

ಬೀರುವಿನ ಕೆಳಗಿನ ಅರೆಯಿಂದ, ಲೈನಿಂಗ್ ಬಟ್ಟೆಯ ಗಂಟುಗಳ ಹಿಂದಿನಿಂದ, ಅವಳು ಒಂದು ತಗಡಿನ ಬಿಸ್ಕತ್ತಿನ ಡಬ್ಬಿ ತಂದುಕೊಟ್ಟಳು. ಗಡಿಯಾರದಲ್ಲಿ ನಾಲ್ಕಕ್ಕೆ ಐದು ನಿಮಿಷವಿತ್ತು. ಇನ್ಸ್‌ಪೆಕ್ಟರಮ್ಮ ಮತ್ತೆ ಕೂತು ಅದನ್ನು ಮಡಿಲಲ್ಲಿಟ್ಟುಕೊಂಡು ಮುಚ್ಚಳ ತೆಗೆದರು.

ಮೊದಲು ಬಂದದ್ದು ವಾಸನೆ. ಹೊಸ ಬಣ್ಣದ ವಾಸನೆ.

ಒಳಗಿದ್ದ ಗಾಡಿಯ ಮೇಲೆ ಅರ್ಧಂಬರ್ಧ ಕಿತ್ತುಹೋದ ಬಣ್ಣವಿರಲಿಲ್ಲ. ಮೈತುಂಬ ಸಮನಾಗಿ, ಒಂದು ಹನಿಯೂ ಜಾರದಂತೆ ಹೊಸ ಬಣ್ಣದ ತಳಕ್ಕೆ ಹಾಕುವ ಬೂದು ಪ್ರೈಮರ್ ಹೊಡೆದಿತ್ತು. ಕ್ರೇನು ನೆಟ್ಟಗೆ ನಿಂತಿತ್ತು. ಮುರಿದ ಜಾಗದ ಮೇಲೆ ಉಗುರು ಎಳೆದರೂ ಸಂದು ಸಿಗಲಿಲ್ಲ.

"ಅಕ್ಕ," ತಮ್ಮನ ಹೆಂಡತಿ ಡಬ್ಬಿಯ ಮೇಲೆ ಬಗ್ಗಿದಳು. "ನಾನಿಟ್ಟಾಗ ಹೀಗಿರ್ಲಿಲ್ಲ."

ಚಕ್ರಗಳ ಕೆಳಗೊಂದು ಚೀಟಿಯಿತ್ತು. ವರ್ಕ್‌ಶಾಪಿನವರು ಕೆಲಸ ಅರ್ಧಕ್ಕೆ ಬಿಟ್ಟು ಏಳುವಾಗ ಮುಂದಿನವನಿಗೆ ಕೊನೆಯಲ್ಲಿ ದಿನ ಹಾಕಿ ಬರೆದಿಡುವಂಥ ಚೀಟಿ. ತಮ್ಮನ ಆ ಓರೆಯಕ್ಷರಗಳನ್ನು ಇನ್ಸ್‌ಪೆಕ್ಟರಮ್ಮನೇ ಸ್ಲೇಟಿನ ಮೇಲೆ ತಿದ್ದಿಸಿದ್ದರು.

'ಕ್ರೇನು ಸರಿ. ಪ್ರೈಮರ್ ಆಯಿತು. ಎಡ ಚೈನು ಬಾಕಿ. ಶನಿವಾರ.'

"ಮೊನ್ನೆ ಶನಿವಾರ ನೀನು ಮನೇಲಿದ್ಯಾ?"

"ಇಲ್ಲ, ಮಗಳ ಮನೇಲಿದ್ದೆ. ಬೆಳಿಗ್ಗೆ ಹೋಗಿ ಸಂಜೆ ಬಂದೆ."

ಪ್ರದರ್ಶನ ನಡೆದದ್ದು ಭಾನುವಾರ. ಎಲ್ಲರೆದುರು ಕೂಗುವುದಕ್ಕೆ ಒಂದು ದಿನ ಮೊದಲೇ ತಮ್ಮ ತನ್ನ ಗಾಡಿಯನ್ನು ಹುಡುಕಿ ತೆಗೆದಿದ್ದ, ರಿಪೇರಿಗೆ ಕೈಹಾಕಿದ್ದ, ಇದ್ದಲ್ಲೇ ತಿರುಗಿ ಇಟ್ಟಿದ್ದ. ಗೊತ್ತಿದ್ದೂ ಕೂಗಿದನೋ? ಇದನ್ನೆಲ್ಲ ಮಾಡಿ, ಇದನ್ನೂ ಮರೆತು ಕೂಗಿದನೋ?

ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ಮೊದಲು ತಮ್ಮ ಬಂದ, ಅವನ ಹಿಂದೆ ಮಗಳು.

"ನಾಲ್ಕಾಯ್ತು ಅತ್ತೆ," ಎಂದಳು ಅವಳು ಮೆಲ್ಲಗೆ. "ಏನು ತೀರ್ಮಾನ ಮಾಡಿದ್ರಿ?"

ಡಬ್ಬಿ ಮುಚ್ಚುವುದಕ್ಕೆ ಹೊತ್ತಿರಲಿಲ್ಲ. ತಮ್ಮ ಎರಡು ಹೆಜ್ಜೆ ಮುಂದೆ ಬಂದು ಅಕ್ಕನ ಮಡಿಲಿನ ಕಡೆ ಬೆರಳು ತೋರಿಸಿದ.

"ಅರೆ, ಇದ್ಯಾರದ್ದಕ್ಕಾ? ಪ್ರೈಮರ್ ಚೆನ್ನಾಗಿ ಹೊಡೆದಿದಾರಲ್ಲ."

ಅವನ ಹೆಂಡತಿ ಗೋಡೆಯ ಕಡೆ ಮುಖ ತಿರುಗಿಸಿದಳು. ಇನ್ಸ್‌ಪೆಕ್ಟರಮ್ಮ ನಿಧಾನವಾಗಿ ತಲೆಯೆತ್ತಿದರು.

ಮೇಜಿನ ಮೇಲೊಂದು ಗಾಡಿ, ಮಡಿಲಲ್ಲೊಂದು ಗಾಡಿ. ಆಟಿಕೆಯಂಗಡಿಯ ಕಿಟಕಿಯಲ್ಲಿ ಮಾಡೆಲ್ ಕಂಡರೂ ಮಂಡಿಯೂರಿ ಕೂರುವ ತಮ್ಮ ಎರಡರಲ್ಲಿ ಒಂದನ್ನೂ ನೋಡುತ್ತಿರಲಿಲ್ಲ. ಅಕ್ಕನ ಮುಖವನ್ನೇ ನೋಡುತ್ತ ನಿಂತಿದ್ದ.